ಕಂಬಳಿ ಮೂಟೆಯೂ ರೈಲಿನ ಬಾಡಿಗೆಯೂ

ನಮ್ಮ ಮನೆಯಲ್ಲಿ ಉಣ್ಣೆ ಇಲ್ಲದ ಜಾಗವೇ ಇರಲಿಲ್ಲ. ಚಳ್ಳಕೆರೆಯ ಆ ಮಾಳಿಗೆ ಮನೆಗೆ ಇದ್ದದ್ದು ಒಂದು ನಡುಮನೆ, ಒಂದು ಅಡುಗೆಮನೆ, ಇವೆರಡರ ಮಧ್ಯೆ ದೇವರಿಗೆಂದು ಬಿಟ್ಟ ಒಂದು ಮೂಲೆ. ನಡುಮನೆಯ ಮುಕ್ಕಾಲು ಭಾಗವನ್ನು ಗುಂಡಿ ಮಗ್ಗವೇ ನುಂಗಿತ್ತು. ಅಪ್ಪ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕಂಬಳಿ ನೇಯಲು ಕೂತರೆ ನಮಗೆ ಕಾಣುತ್ತಿದ್ದದ್ದು ಅರ್ಧ ಅಪ್ಪ ಮಾತ್ರ. ತೀರ ಚಿಕ್ಕವಳಾಗಿದ್ದಾಗ ಅಪ್ಪ ಎದ್ದು ನಿಂತರೆ ನಾನು ಅಳುತ್ತಿದ್ದೆನಂತೆ, ಇದ್ದಕ್ಕಿದ್ದಂತೆ ಇಷ್ಟುದ್ದ ಆದನಲ್ಲ ಎಂದು! ಉಳಿದ ಜಾಗದಲ್ಲೆಲ್ಲ ಉಣ್ಣೆ. ಚೀಲದಲ್ಲಿ ಕರಿ ಉಣ್ಣೆ, ಬುಟ್ಟಿಯಲ್ಲಿ ಹಿಂಜಿದ ಉಣ್ಣೆ, ಅಜ್ಜಿಯ ಮಡಿಲಲ್ಲಿ ನೂಲಾಗುತ್ತಿರುವ ಉಣ್ಣೆ, ನನ್ನ ಜಡೆಯಲ್ಲಿ ಉಣ್ಣೆ, ರಾಗಿ ಮುದ್ದೆಯಲ್ಲೂ ಉಣ್ಣೆ. ಊಟಕ್ಕೆ ಬಂದ ನೆಂಟರು ಬಾಯಿಂದ ಎಳೆ ತೆಗೆದು ಮುಖ ಸಿಂಡರಿಸಿದರೆ ಅವ್ವ ಸ್ವಲ್ಪವೂ ನಾಚಿಕೊಳ್ಳದೆ, ‘ಕೂದಲಲ್ಲ ಅದು, ಉಣ್ಣೆ. ಹೊಟ್ಟೆ ಬೆಚ್ಚಗಿರ್ತೈತೆ, ನುಂಗ್ರಿ’ ಅನ್ನುತ್ತಿದ್ದಳು. ಹಾಸು ನೂಲಿಗೆ ಬಳಿಯಲೆಂದು ಹುಣಸೆ ಬೀಜದ ಸರಿ, ಅಂದರೆ ಅಂಟು ಗಂಜಿ, ಕುದಿಸುವ ದಿನವಂತೂ ಬೀದಿಗೆಲ್ಲ ಅದರ ವಾಸನೆ. ಹಾಸು ಅಂದರೆ ಮಗ್ಗಕ್ಕೆ ಉದ್ದುದ್ದ ಹೂಡುವ ನೂಲು. ಅದನ್ನು ಮನೆ ಮುಂದೆ ಎಳೆದು ಕಟ್ಟಿ, ಸರಿ ಬಳಿದು ಒಣಗಿಸಬೇಕು. ಆಗ ದಾರಿಹೋಕರು ಅದರಡಿ ಬಗ್ಗಿ ಹೋಗುತ್ತಿದ್ದರೇ ವಿನಾ ಯಾರೂ ದಾಟಿ ಹೋಗುತ್ತಿರಲಿಲ್ಲ. ದಾಟಿದರೆ ನಮ್ಮಜ್ಜಿಯ ಬಾಯಿಗೆ ಸಿಕ್ಕಂತೆಯೇ!

ಅಪ್ಪನ ತಾಯಿ ಈರಜ್ಜಿ. ಆ ಮನೆಯ ಸರಕಾರ ಅವಳದ್ದೇ. ಮೂಳೆ ಚಕ್ಕಳದ ಹೆಂಗಸು, ಗಂಟಲು ಮಾತ್ರ ಪಕ್ಕದೂರು ನನ್ನಿವಾಳದವರೆಗೂ ಕೇಳಬೇಕು. ಅವಳ ಕಾನೂನು ಎರಡು. ಒಂದು, ಕಂಬಳಿಯನ್ನು ತುಳಿಯಬಾರದು. ನಮ್ಮ ಜನಕ್ಕೆ ಕಂಬಳಿ ಎಂದರೆ ಬರೀ ಹೊದಿಕೆಯಲ್ಲ. ಮದುವೆಯಿರಲಿ, ಹೆಸರಿಡುವುದಿರಲಿ, ಮೊದಲು ಕರಿ ಕಂಬಳಿ ಮಡಿಸಿ ಗದ್ದಿಗೆ ಹಾಸಿ, ಅರಿಶಿನದ ಭಂಡಾರ ಚೆಲ್ಲಿ, ಕೈಮುಗಿದು, ಆಮೇಲೆ ಉಳಿದದ್ದು.

‘ಹೊದ್ಕಳ್ರಿ, ಹಾಸ್ಕಳ್ರಿ, ಹಗಲೆಲ್ಲ ಬೇಕಾದ್ರೆ ಅದರ ಮ್ಯಾಲೇ ಕೂತಿರ್ರಿ. ಕಾಲಲ್ಲಿ ಮಾತ್ರ ತುಳಿದ್ರೋ, ಕಾಲು ಮುರಿದು ಕೈಗೆ ಕೊಡ್ತೀನಿ’ ಅನ್ನುವಳು.

ಎರಡನೆಯದು, ಕಂಬಳಿಗೆ ಉಣ್ಣೆ ಹಗ್ಗವೇ ಆಗಬೇಕು. ಕುರಿ ಕಟ್ಟುವುದಕ್ಕೂ, ಗಂಟು ಬಿಗಿಯುವುದಕ್ಕೂ, ತೊಟ್ಟಿಲು ತೂಗುಹಾಕುವುದಕ್ಕೂ ಅಜ್ಜಿ ಹೊಸೆದ ಹಗ್ಗವೇ. ಸಣಬಿನ ಹಗ್ಗ ಕಂಡರೆ, ‘ಅದು ಶೇಂಗಾ ಚೀಲಕ್ಕೆ ಲಾಯಕ್ಕು’ ಎಂದು ಮೂಗು ಮುರಿಯುವಳು. ನಾನು ಇವತ್ತಿಗೂ ಯಾರಾದರೂ ಬಂದು ಕಾನೂನು ಹೇಳಿದರೆ ಮೊದಲು ನಗುತ್ತೇನೆ, ಆಮೇಲೆ ಕೇಳುತ್ತೇನೆ. ಆ ಗುಣ ಬಂದದ್ದೇ ಹೀಗೆ, ಅಜ್ಜಿಯ ಕಾನೂನೂ ರೈಲಿನ ಕಾನೂನೂ ಡಿಕ್ಕಿ ಹೊಡೆದುಕೊಂಡದ್ದನ್ನು ಕಣ್ಣಾರೆ ಕಂಡು.

ಸಂಗತಿ ಶುರುವಾದದ್ದು ಒಬ್ಬ ವ್ಯಾಪಾರಿಯಿಂದ. ಅಲ್ಲಿಯವರೆಗೆ ನಮ್ಮ ಕಂಬಳಿಗಳು ಊರ ಸಂತೆಯಲ್ಲಿ ದಲ್ಲಾಳಿಯ ಕೈಗೇ ಹೋಗಬೇಕಿತ್ತು. ಅವನು ಮೂಲೆ ಹಿಡಿದು ಎಳೆದು, ಬೆಳಕಿಗೆ ಹಿಡಿದು, ಇಲ್ಲದ ತೂತು ಹುಡುಕಿ, ತನಗೆ ತೋಚಿದ ರೇಟು ಹೇಳುತ್ತಿದ್ದ. ಅಪ್ಪನಿಗೆ ಅದು ಸಾಕಾಗಿ ಹೋಗಿತ್ತು. ಪಕ್ಕದ ಬೀದಿಯ ಬಾಷಣ್ಣ ಎಣ್ಣೆ ಮಿಲ್ಲಿನಲ್ಲಿ ಹಮಾಲರ ಮೇಸ್ತ್ರಿ, ಅಪ್ಪನ ಜೊತೆ ಆಡಿ ಬೆಳೆದವನು. ‘ಲೇ ತಿಮ್ಮ, ಮಿಲ್ಲಿಗೆ ಬಾರಲೇ, ವಾರ ವಾರ ಪಗಾರ, ಯಾವನ ಹಂಗೂ ಇಲ್ಲ’ ಎಂದು ಅವನು ಎಷ್ಟೋ ಸಲ ಕರೆದಿದ್ದ. ಅವ್ವನಿಗೆ ಆ ಮಾತು ಹಿತವಾಗಿ ಕೇಳುತ್ತಿತ್ತು. ಅಜ್ಜಿಗೆ ಉರಿ ಹತ್ತುತ್ತಿತ್ತು. ರಾತ್ರಿ ಊಟಕ್ಕೆ ಕೂತರೆ ಸಾಕು, ಹುರುಳಿ ಸಾರಿನ ಜೊತೆ ಇದೇ ಜಗಳ.

‘ಮಗ್ಗ ಮಗ್ಗ ಅಂತೀರಲ್ಲತ್ತಿ, ಮಗ್ಗ ನೆಕ್ಕಿದ್ರೆ ಹೊಟ್ಟೆ ತುಂಬ್ತೈತಾ?’ ಇದು ಬಿ.ಜಿ. ಕೆರೆಯಿಂದ ಸೊಸೆಯಾಗಿ ಬಂದ ನಮ್ಮವ್ವನ ಮಾತು.

‘ನನ್ನ ಮಗ ಇನ್ನೊಬ್ರ ಚೀಲ ಹೊರಾಕೆ ಹುಟ್ಟಿಲ್ಲ ಕಣೇ.’ ಇದು ಅಜ್ಜಿ.

ಅಪ್ಪ ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗುತ್ತಿದ್ದ. ಕಡೆಗೊಂದು ದಿನ ಬಾಷಣ್ಣನಿಗೆ ಬರ್ತೀನಿ ಎಂದು ಹೇಳಿಯೇ ಬಂದ. ಬರುವ ಸೋಮವಾರದಿಂದ ಮಿಲ್ಲು. ಗುಂಡಿಗೆ ಮಣ್ಣು ತುಂಬಿಸಿ ನಡುಮನೆ ಸಮ ಮಾಡುವುದು ಅಂತಲೂ ಆಯಿತು. ಅಜ್ಜಿ ಅವತ್ತು ಊಟ ಬಿಟ್ಟಳು. ಅಷ್ಟರಲ್ಲೇ ಬಂದ ಈ ವ್ಯಾಪಾರಿ! ಹುಬ್ಬಳ್ಳಿ ಕಡೆಯವನು. ಸಂತೆಯಲ್ಲಿ ಅಪ್ಪನ ಕಂಬಳಿ ಮುಟ್ಟಿ ನೋಡಿ, ಮನೆ ವಿಚಾರಿಸಿಕೊಂಡು ಬಂದು, ಮಗ್ಗದ ಪಕ್ಕದಲ್ಲೇ ಕೂತು ಚಹಾ ಕುಡಿದ. ‘ದಲ್ಲಾಳಿ ಬ್ಯಾಡ. ನೀವ ನೆಟ್ಟಗ ರೈಲಿಗೆ ಹಾಕ್ರಿ. ಬಾಡಿಗಿ ನಿಮ್ದು, ರೇಟು ನೀವ್ ಹೇಳಿದ್ದು. ಈ ಭಾನುವಾರದ ಗಾಡಿಗೆ ಬಂದ್ರ ಪ್ರತಿ ತಿಂಗಳೂ ತಗೋತೀನಿ’ ಎಂದ. ಅವನು ಬೀದಿ ದಾಟುವ ಮೊದಲೇ ಅಜ್ಜಿ ಎದ್ದು ಹೋಗಿ ತಟ್ಟೆ ಹಾಕಿಕೊಂಡು ಉಂಡಳು.

ಮಾರನೆಯ ದಿನ ಅಪ್ಪ ಬಾಡಿಗೆ ವಿಚಾರಿಸಲು ಸ್ಟೇಷನ್ನಿಗೆ ಹೊರಟ. ನಾನೂ ಅವನ ಪಂಚೆ ಹಿಡಿದುಕೊಂಡೇ ಹೋದೆ. ಪಾರ್ಸೆಲ್ ಆಫೀಸಿನ ಗುಮಾಸ್ತರು ಕೆಟ್ಟವರಲ್ಲ, ಆದರೆ ಇಸ್ತ್ರಿ ಮಾಡಿದ ಅಂಗಿಯ ಹಾಗೆ ಒಂದೂ ಸುಕ್ಕಿಲ್ಲದ ಮನುಷ್ಯ. ಕಂಬಳಿಗಳ ತೂಕ ಎಷ್ಟೆಂದು ಕೇಳಿದರು. ಅಪ್ಪ ಮಿಲ್ಲಿನ ತಕ್ಕಡಿಯಲ್ಲಿ ತೂಗಿಸಿಕೊಂಡೇ ಬಂದಿದ್ದ, ಹೇಳಿದ. ಅವರು ಹೇಳಿದ ಬಾಡಿಗೆ ಕೇಳಿ ಅಪ್ಪನ ಮುಖ ಅರಳಿತು. ಆಮೇಲೆ ಅವರು ಕೇಳಿದರು:

‘ಮೂಟೆ ಎಷ್ಟು ದೊಡ್ಡದಾಗುತ್ತೆ?’

‘ಉಣ್ಣೆ ಅಲ್ವಾ ಸ್ವಾಮಿ, ಉಬ್ಬಿರ್ತೈತೆ.’

‘ಹಾಗಾದ್ರೆ ಕೇಳು. ಹಗುರಾಗಿದ್ದು ಜಾಗ ಜಾಸ್ತಿ ತಿನ್ನೋ ಸಾಮಾನಿಗೆ ತೂಕದ ಮೇಲೆ ಬಾಡಿಗೆ ಇಲ್ಲ. ಉದ್ದ, ಅಗಲ, ಎತ್ತರ ಅಳೆದು, ಅಳತೆ ಮೇಲೆ ಬಾಡಿಗೆ. ನಿನ್ನ ಮೂಟೆ ಉಬ್ಬಿದ್ರೆ ಎರಡು ಪಟ್ಟಾದ್ರೂ ಆಗುತ್ತೆ.’

‘ಎರಡು ಮೂಟೆ ಮಾಡಿದ್ರೆ?’

‘ಎರಡು ಮಾಡು, ಹತ್ತು ಮಾಡು, ಹಿಡಿಯೋ ಜಾಗ ಅಷ್ಟೇ ಅಲ್ವೇನಪ್ಪ?’

ಎರಡು ಪಟ್ಟು ಕೊಟ್ಟರೆ ದಲ್ಲಾಳಿಯ ಬದಲು ರೈಲಿಗೆ ದುಡಿದ ಹಾಗೆ! ಅಪ್ಪ ಬೆರಳು ಮಡಿಸಿ ಎಣಿಸುತ್ತಾ ನಿಂತ. ಗುಮಾಸ್ತರಿಗೆ ಏನನ್ನಿಸಿತೋ, ಆ ತೂಕಕ್ಕೆ ಮೂಟೆ ಎಷ್ಟರೊಳಗಿದ್ದರೆ ತೂಕದ ಬಾಡಿಗೆಗೇ ಹೋಗುತ್ತದೆಂದು ಲೆಕ್ಕ ಹಾಕಿ, ಟೇಪು ಹಿಡಿದು ಮೇಜಿನ ಮೇಲೆ ತೋರಿಸಿದರು. ಅಪ್ಪ ಅದನ್ನು ತನ್ನ ಮೊಳದಲ್ಲಿ ಅಳೆದುಕೊಂಡು ಹೊರಟ. ದಾರಿಯುದ್ದಕ್ಕೂ ಮೊಣಕೈ ಬಗ್ಗಿಸದೆ ಹಾಗೇ ಹಿಡಿದುಕೊಂಡು ಬಂದ, ಅಳತೆ ಎಲ್ಲಿ ಚೆಲ್ಲಿ ಹೋಗುತ್ತದೋ ಎಂಬಂತೆ. ಬಂದವನೇ ಇದ್ದಿಲು ತಗೊಂಡು ನಡುಮನೆಯಲ್ಲಿ ಒಂದು ಚೌಕ ಬರೆದ, ಗೋಡೆಯ ಮೇಲೆ ಎತ್ತರಕ್ಕೊಂದು ಗೆರೆ ಎಳೆದ.

‘ಇದೇನ್ಲಾ, ಕುಂಟಾಬಿಲ್ಲೆ ಆಡ್ತೀಯಾ?’ ಎಂದಳು ಅಜ್ಜಿ.

‘ಮೂಟೆ ಈ ಗೆರೆಯೊಳಗೆ ಇರಬೇಕವ್ವ. ತೂಕದ ಮ್ಯಾಲೆ ಹೋದ್ರೆ ಮಗ್ಗ. ಅಳತೆ ಮ್ಯಾಲೆ ಹೋದ್ರೆ ಮಿಲ್ಲು. ಅಷ್ಟೇ.’

ಅಪ್ಪ ಅಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅವತ್ತಿನಿಂದ ಆ ಚೌಕವೇ ನಮ್ಮ ಮನೆಯ ಯಜಮಾನ. ಕಸ ಗುಡಿಸುವಾಗ ಅವ್ವ ಅದನ್ನು ಬಳಸಿ ಗುಡಿಸುವಳು. ಊಟದ ತಟ್ಟೆ ಅದರೊಳಗೆ ಇಡುವಂತಿಲ್ಲ. ಮಿಲ್ಲು ಮಿಲ್ಲು ಎನ್ನುತ್ತಿದ್ದ ಅವ್ವನೂ ನೀರು ಹೊತ್ತು ತರುವಾಗ ಗೋಡೆಯ ಗೆರೆಯನ್ನು ಕಣ್ಣಲ್ಲೇ ಅಳೆಯುತ್ತಿದ್ದಳು. ಭಾನುವಾರ ಬೆಳಗ್ಗೆ ಕಂಬಳಿಗಳನ್ನು ಮಡಿಸಿ ಒಂದರ ಮೇಲೊಂದು ಪೇರಿಸಿದರೆ, ಅಬ್ಬಬ್ಬಾ, ಗೆರೆಯ ಮೇಲೆ ಇನ್ನೊಂದು ಆಳು ಕೂತಷ್ಟು ಎತ್ತರ! ನನಗೆ ತಡೆಯಲಾಗಲಿಲ್ಲ. ಎಗರಿ ಹತ್ತಿ ಕುಣಿಯಲು ಕಾಲೆತ್ತಿದೆ. ಬೆನ್ನಿಗೆ ಬಿತ್ತು ನೋಡಿ ಅಜ್ಜಿಯ ಏಟು!

‘ದೇವರ ಗದ್ದಿಗೆ ತುಳೀತೀಯಾ, ಬೋಸುಡಿ?’

‘ಮತ್ತೆ ಹೆಂಗವ್ವ ಒತ್ತೋದು? ಒತ್ತದಿದ್ರೆ ಮಿಲ್ಲೇ ಗತಿ’ ಎಂದ ಅಪ್ಪ.

ಅಜ್ಜಿ ಒಂದು ಗಳಿಗೆ ಯೋಚಿಸಿದಳು. ಆಮೇಲೆ ಬಾಗಿಲಿಗೆ ಹೋಗಿ ಬೀದಿಗೆಲ್ಲ ಕೇಳುವಂತೆ ಕೂಗಿದಳು, ‘ಬರ್ರೇ, ಎಲ್ರೂ ಬರ್ರೇ, ನಮ್ಮನ್ಯಾಗೆ ಕೂತು ಹೋಗ್ರೇ!’ ತುಳಿಯಬಾರದು ಅಷ್ಟೇ, ಕೂರಬಾರದು ಎಂದು ಎಲ್ಲೂ ಇಲ್ಲವಲ್ಲ! ಕಂಬಳಿಗಳ ಮೇಲೆ ಒಂದು ಹಲಗೆ ಹಾಕಿದರು. ಬೀದಿಯ ಹೆಂಗಸರು ಕಾಲು ತೊಳೆದು ಬಂದು, ಸೆರಗು ಸಿಕ್ಕಿಸಿಕೊಂಡು, ಹಲಗೆಯ ಮೇಲೆ ಒತ್ತಾಗಿ ಕೂತರು. ಅವ್ವ ಒಗ್ಗರಣೆ ಮಂಡಕ್ಕಿ ಮಾಡಿ ಕೂತಲ್ಲಿಗೇ ಕೊಟ್ಟಳು. ತಿನ್ನುತ್ತಾ, ಸೊಸೆಯಂದಿರನ್ನು ಬೈಯುತ್ತಾ, ಸೋಬಾನೆ ಹೇಳುತ್ತಾ ಕೂತೇ ಕೂತರು. ದಪ್ಪಗಿದ್ದವರಿಗೆ ಅವತ್ತು ಎಲ್ಲಿಲ್ಲದ ಮರ್ಯಾದೆ. ಅವರಿಗೆ ಎರಡನೇ ಸಲ ಮಂಡಕ್ಕಿ. ನಾನು ಗೋಡೆಯ ಗೆರೆಗೆ ಕಣ್ಣಿಟ್ಟು, ‘ಇನ್ನೊಂದ್ ಚೂರು! ಇನ್ನೊಂದೇ ಒಂದ್ ಚೂರು!’ ಎಂದು ಅರಚುತ್ತಿದ್ದೆ. ಹಲಗೆ ಗೆರೆ ಮುಟ್ಟಿತು. ಅಜ್ಜಿ ತಾನೇ ಹೊಸೆದ ಹೊಸ ಉಣ್ಣೆ ಹಗ್ಗ ತಂದು ಕೊಟ್ಟಳು, ಅಪ್ಪ ಮಂಡಿಯೂರಿ ಬಿಗಿದು ಕಟ್ಟಿದ. ಮೂಟೆ ಚೌಕದೊಳಗೆ ಕೂತಿತು. ಮನೆಯಲ್ಲಿ ಮದುವೆ ನಡೆದಷ್ಟು ಸಂಭ್ರಮ!

ಯಾರಿಗೂ ಹೊಳೆಯಲಿಲ್ಲ ನೋಡಿ. ಉಣ್ಣೆ ಹಗ್ಗ ಕುರಿಯ ಕುತ್ತಿಗೆಗೆ ಯಾಕೆ ಒಳ್ಳೆಯದು? ಎಳೆದರೆ ಹಿಗ್ಗುತ್ತದೆ, ಕುರಿಗೆ ನೋವಾಗುವುದಿಲ್ಲ. ಹುಟ್ಟಿದಾಗಿನಿಂದ ಆ ಹಗ್ಗದ ಜೊತೆಯಲ್ಲೇ ಬದುಕಿದ ನಾವು ಅದರ ಗುಣವನ್ನೇ ಮರೆತುಬಿಟ್ಟಿದ್ದೆವು. ತಳ್ಳುಗಾಡಿಯಲ್ಲಿ ಮೂಟೆ ಇಟ್ಟುಕೊಂಡು, ಅಪ್ಪ ಮುಂದೆ, ಅವ್ವ ಹಿಂದೆ, ಅಜ್ಜಿ ಪಕ್ಕದಲ್ಲಿ, ನಾನು ಸುತ್ತಮುತ್ತ, ಮೆರವಣಿಗೆ ಹೊರಟೆವು. ಕಲ್ಲಿಗೆ ಚಕ್ರ ಎತ್ತಿ ಹಾಕಿದಾಗಲೆಲ್ಲ ಹಗ್ಗ ಒಂದಿಷ್ಟು ಹಿಗ್ಗುವುದು, ಒಳಗಿನ ಕಂಬಳಿ ಒಂದಿಷ್ಟು ಉಸಿರು ಬಿಡುವುದು. ಸ್ಟೇಷನ್ನಿಗೆ ಬಂದು ಇಳಿಸಿ ನೋಡಿದರೆ ಮೂಟೆ ಬಸುರಿ ಎಮ್ಮೆಯ ಹಾಗೆ ಊದಿಕೊಂಡು ಕೂತಿತ್ತು!

ಗುಮಾಸ್ತರು ಟೇಪು ಹಿಡಿದರು, ಓದಿದರು, ತಲೆ ಅಲ್ಲಾಡಿಸಿದರು.

‘ಅಳತೆ ಬಾಡಿಗೇನೇ ಆಗುತ್ತಪ್ಪ.’

‘ಸ್ವಾಮಿ, ಮನ್ಯಾಗೆ ಸರಿಗಿತ್ತು…’

‘ಮನೇಲಿದ್ದದ್ದಕ್ಕೆ ಮನೇಲೇ ಬಾಡಿಗೆ ಕೊಡು. ನಾನು ಇಲ್ಲಿರೋದನ್ನ ಅಳೀಬೇಕು. ಗಾಡಿ ಬರೋ ಹೊತ್ತಾಯ್ತು, ಬುಕ್ ಮಾಡ್ತೀಯೋ ಇಲ್ವೋ ಬೇಗ ಹೇಳು.’

ಅಪ್ಪ ಮೂಟೆಯ ಮೇಲೆ ಕೈಯಿಟ್ಟು ನಿಂತುಬಿಟ್ಟ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ನನಗೆ ಎಂಥಾ ಸಿಟ್ಟು ಬಂತೆಂದರೆ ಆ ಮೂಟೆಯನ್ನು ಕಚ್ಚಿಬಿಡೋಣ ಅನ್ನಿಸಿತು. ಅಷ್ಟರಲ್ಲಿ ಗೂಡ್ಸ್ ಶೆಡ್ಡಿನಲ್ಲಿ ಹಿಂಡಿ ಚೀಲ ಇಳಿಸುತ್ತಿದ್ದ ಬಾಷಣ್ಣ ನಮ್ಮನ್ನು ನೋಡಿ ತನ್ನ ಹಮಾಲರೊಂದಿಗೆ ಓಡಿ ಬಂದ.

‘ಅರೆ ತಿಮ್ಮ, ಯಾಕ್ಲಾ ಸತ್ತೋರ ಹಂಗೆ ನಿಂತೀಯ? ಇದಕ್ಕೆ ಸಣಬಿನ ಹಗ್ಗ ಬೇಕು. ಒತ್ತಿ ಕಟ್ಟಿದ್ರೆ ಬ್ರಹ್ಮ ಬಂದ್ರೂ ಬಿಚ್ಚಲ್ಲ. ಏ ಹುಡುಗ್ರಾ, ಹತ್ರಲೇ ಮ್ಯಾಲೆ, ತುಳೀರಿ ಜೋರಾಗಿ!’

‘ಯಾವನಾದ್ರೂ ಕಾಲಿಟ್ರೆ ನೋಡು ಮತ್ತೆ!’ ಅಜ್ಜಿ ಮೂಟೆಗೆ ಅಡ್ಡ ನಿಂತಳು. ಹಮಾಲರು ಎತ್ತಿದ ಕಾಲು ಎತ್ತಿದಂತೆಯೇ ನಿಂತರು.

‘ಈರಜ್ಜಿ, ಹೊತ್ತಿಲ್ಲ ಕಣಜ್ಜಿ…’

‘ಅವ್ವ,’ ಎಂದ ಅಪ್ಪ, ‘ಮಗ್ಗ ಹೋಗ್ತೈತವ್ವ.’

ಅಜ್ಜಿ ಮಗನ ಮುಖ ನೋಡಿದಳು. ಆಮೇಲೆ ಬಗ್ಗಿ, ತಾನೇ ಹೊಸೆದ ಹಗ್ಗದ ಗಂಟನ್ನು ತನ್ನ ಕೈಯಾರೆ ಬಿಚ್ಚಿ, ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡಳು.

‘ಹಗ್ಗ ನಿಂದೇ ಹಾಕು ಬಾಷ. ಅದನ್ನ ಬಿಟ್ಟೆ. ಕಾಲು ಮಾತ್ರ ಬಿಡಲ್ಲ. ಬರ್ರಪ್ಪ, ಎಲ್ರೂ ಕೂತ್ಕಳ್ರಿ!’

ಎಂದವಳೇ ಶೆಡ್ಡಿಗೆ ಒರಗಿಸಿದ್ದ ಒಂದು ಹಲಗೆ ಎಳೆದು ಹಾಕಿ ಕೂತೇಬಿಟ್ಟಳು! ಪಕ್ಕದಲ್ಲಿ ಅವ್ವ. ಹಮಾಲರು ಹಲ್ಲು ಕಿಸಿಯುತ್ತಾ ಬಂದು ಕೂತರು. ಸಾಲಲಿಲ್ಲ. ಪ್ಲಾಟ್‌ಫಾರಮ್ಮಿನಲ್ಲಿ ಗಾಡಿಗೆ ಕಾಯುತ್ತಿದ್ದ ಒಬ್ಬಾಕೆ, ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವ ಮನೆಯವಳು, ದೊಡ್ಡ ಗಂಟು ಮಡಿಲಲ್ಲಿಟ್ಟುಕೊಂಡು ಇದನ್ನೆಲ್ಲ ನೋಡುತ್ತಿದ್ದಳು. ಗಂಟಿನ ಸಮೇತ ಎದ್ದು ಬಂದಳು.

‘ಅಯ್ಯೋ ದೇವುಡಾ, ಮಗ್ಗದ ಮಾತು ಅಂದ್ಮೇಲೆ ನಾನೂ ಕೂತ್ಕೊಂತೀನಿ, ಸರೀರಿ ಅತ್ಲಾಗೆ.’

‘ನಿನ್ನ ಗಂಟಿಗೆ ಬಾಡಿಗೆ ಕೊಟ್ಟೀಯೇನವ್ವ?’ ಎಂದಳು ಅಜ್ಜಿ, ಆ ಗಡಿಬಿಡಿಯಲ್ಲೂ.

‘ಮಡಿಲಾಗಿರೋ ಕೂಸಿಗೂ ಬಾಡಿಗೆ ಕೇಳ್ತಾರಾ?’ ಎಂದು ಆಕೆ ಗಂಟು ತಟ್ಟಿದಳು. ಆಮೇಲೆ ಪ್ಲಾಟ್‌ಫಾರಮ್ಮಿಗೆಲ್ಲ ಕೈಬೀಸಿ, ತೆಲುಗೋ ಕನ್ನಡವೋ ಲೆಕ್ಕಿಸದೆ, ‘ಕೂರ್ಚೋಂಡಿ, ಕೂರ್ಚೋಂಡಿ! ಬರ್ರಿ, ಕೂತ್ಕೊಳ್ರಿ!’ ಎಂದು ಕರೆಯತೊಡಗಿದಳು.

ಏನು ಹೇಳಲಿ ನಾನು! ಕಡಲೆ ಮಾರುವವನು ಬುಟ್ಟಿ ಇಳಿಸಿ ಬಂದ. ಹೊಸದಾಗಿ ಮದುವೆಯಾದ ಗಂಡ ಹೆಂಡತಿ ನಾಚಿಕೊಂಡು ಬಂದರು. ಹಲಗೆಯಲ್ಲಿ ಜಾಗ ಸಾಲದೆ ಒಬ್ಬರ ತೊಡೆಯ ಮೇಲೆ ಒಬ್ಬರು. ನಾನು ಎಲ್ಲರಿಗಿಂತ ಮೇಲೆ, ಬಾಷಣ್ಣನ ಹೆಗಲಿನ ಮೇಲೆ! ಅಪ್ಪ ಒಂದು ಕಡೆ, ಒಬ್ಬ ಹಮಾಲ ಇನ್ನೊಂದು ಕಡೆ ಸಣಬಿನ ಹಗ್ಗ ಹಿಡಿದು, ಮೂಟೆಗೆ ಕಾಲು ತಾಕದ ಹಾಗೆ ಹಲಗೆಯ ಅಂಚಿಗೆ ಮಂಡಿ ಕೊಟ್ಟು ಎಳೆದರು. ಅಪ್ಪನ ಕತ್ತಿನ ನರ ಉಬ್ಬಿತ್ತು. ದೂರದಲ್ಲಿ ರೈಲು ಕೂಗಿತು.

‘ಇನ್ನೇನು ಗಾಡಿ ಬಂತು! ನಾನು ಮೂಟೆ ಅಳೀಬೇಕೋ, ನಿಮ್ಮನ್ನೆಲ್ಲ ಅಳೀಬೇಕೋ? ಏಳಿ ಮೇಲೆ!’ ಗುಮಾಸ್ತರು ಟೇಪು ಆಡಿಸುತ್ತಾ ಕೂಗಿದರು.

ಒಬ್ಬೊಬ್ಬರಾಗಿ ಎದ್ದೆವು. ಒಬ್ಬರು ಎದ್ದಾಗಲೆಲ್ಲ ಹಗ್ಗ ಕಿರ್ರ್ ಅನ್ನುವುದು, ಎಲ್ಲರ ಜೀವ ಜಗ್ಗುವುದು. ಕೊನೆಗೆ ಅಜ್ಜಿ ಎದ್ದಳು. ಹಲಗೆ ತೆಗೆದರು. ಮೂಟೆ ಅಲ್ಲಾಡಲಿಲ್ಲ! ಗುಮಾಸ್ತರು ಉದ್ದ ಅಳೆದರು. ಅಗಲ ಅಳೆದರು. ಎತ್ತರಕ್ಕೆ ಟೇಪು ಹಿಡಿದು, ಕನ್ನಡಕ ಸರಿ ಮಾಡಿಕೊಂಡು, ಇನ್ನೊಂದು ಸಲ ಅಳೆದರು. ನಾನು ಬಾಷಣ್ಣನ ಕೂದಲನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದೆ.

‘ತೂಕದ ಬಾಡಿಗೆ. ತಕ್ಕಡಿಗೆ ಹಾಕಿ, ಜಲ್ದಿ’ ಎಂದರು.

ಆ ಕೂಗು! ನನ್ನ ಬದುಕಿನಲ್ಲಿ ಮತ್ತೆ ಅಂಥ ಕೂಗು ಕೇಳಿಲ್ಲ. ಗುರುತು ಪರಿಚಯ ಇಲ್ಲದ ಜನವೆಲ್ಲ ತಮ್ಮ ಮನೆಯ ಮೂಟೆ ಎಂಬಂತೆ ಕೂಗಿದರು. ತೂಗಿದ್ದೇನು, ರಸೀದಿ ಹರಿದದ್ದೇನು, ಗಾಡಿ ನಿಂತೊಡನೆ ಹಮಾಲರು ಮೂಟೆಯನ್ನು ಎತ್ತಿ ಪಾರ್ಸೆಲ್ ಡಬ್ಬಿಗೆ ದೂಡಿದ್ದೇನು, ಎಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು. ಸೀರೆಯ ಗಂಟಿನಾಕೆ ತನ್ನ ಗಾಡಿ ಇದಲ್ಲ ಎಂದು ಗೊತ್ತಿದ್ದೂ ಕಿಟಕಿಯಲ್ಲಿದ್ದವರಿಗೆಲ್ಲ ಕೈಬೀಸಿದಳು. ಗಾಡಿ ಹುಬ್ಬಳ್ಳಿಯ ದಾರಿ ಹಿಡಿದು ಚಿಕ್ಕಜಾಜೂರಿನ ದಿಕ್ಕಿಗೆ ಹೊರಟು ಕಣ್ಮರೆಯಾಗುವವರೆಗೂ ನಾವು ಯಾರೂ ಕದಲಲಿಲ್ಲ. ಅವ್ವ ಅಳುತ್ತಿದ್ದಳು, ಮಿಲ್ಲಿನ ಪಗಾರ ಬೇಕು ಎಂದಿದ್ದ ಅದೇ ಅವ್ವ. ಅಜ್ಜಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಎಲೆ ಅಡಿಕೆ ಚೀಲ ಬಿಚ್ಚಿದಳು.

ಬಾಷಣ್ಣ ನನ್ನನ್ನು ಹೆಗಲಿನಿಂದ ಇಳಿಸಿ, ಟವೆಲಿನಲ್ಲಿ ಮುಖ ಒರೆಸಿಕೊಂಡು ಅಪ್ಪನ ಹತ್ತಿರ ಬಂದ. ಮಿಲ್ಲಿನಲ್ಲಿ ಅಪ್ಪನಿಗೆಂದು ಜಾಗ ಹಿಡಿದು, ಮಾಲೀಕರಿಗೂ ಹೇಳಿ ಇಟ್ಟಿದ್ದವನು ಅವನು.

‘ಲೇ ತಿಮ್ಮ, ನಾಳೆ ಬೆಳಗ್ಗೆ ಬರ್ತೀಯಲ್ಲ?’

ಅಪ್ಪ ಸಣಬಿನ ಹಗ್ಗದಿಂದ ಕಿತ್ತುಹೋಗಿದ್ದ ಅಂಗೈ ಉಜ್ಜಿಕೊಳ್ಳುತ್ತಾ ಹಳಿಯ ಕಡೆಗೇ ನೋಡುತ್ತಿದ್ದ.

‘ನಾಳೆ ಆಗಲ್ಲ ಬಾಷಣ್ಣ. ನಾಳೆ ಹಾಸು ಹೂಡ್ಬೇಕು.’

‘ನಾಡಿದ್ದು?’

‘ನಾಡಿದ್ದೂ ಆಗಲ್ಲ.’

ಬಾಷಣ್ಣ ಟವೆಲನ್ನು ಹೆಗಲಿಗೆ ಎಸೆದುಕೊಂಡ. ಆಮೇಲೆ ಅಪ್ಪನ ಬೆನ್ನಿಗೆ ಎಂಥಾ ಗುದ್ದು ಗುದ್ದಿದನೆಂದರೆ ಅಪ್ಪ ಎರಡು ಹೆಜ್ಜೆ ಮುಂದೆ ಹೋಗಿ ನಿಂತ, ನಿಂತು, ನಾನು ಎಂದೂ ಕೇಳದಷ್ಟು ಜೋರಾಗಿ ನಕ್ಕ.